ಊರಿನ ಮಾತು ಆದೇಶ ಆಗುವುದು ಹೇಗೆ?



ಯಾದಗಿರಿ, ಶಹಾಪುರ, ಸುರಪುರ ಕಡೆಯ ಸಂಘಗಳಿಗೆ ಹೋದಾಗಲೆಲ್ಲ ನಾವು ಕೇಳುವ ಮಾತು ಒಂದೇ: "ಸಿಸ್ಟರ್, ಸರ್ಕಾರ ಎಲ್ಲಾ ಕೊಡ್ತದಂತ್ರೀ, ನಮ್ಮ ಓಣಿಗೆ ಮುಟ್ಟಂಗಿಲ್ಲ." ಈ ಸಿಟ್ಟು ಯಾರ ಮೇಲೆ ಬೀಳುತ್ತದೆ? ಅಂಗನವಾಡಿ ಟೀಚರ್, ಆಶಾ, ಬಿಸಿಯೂಟದ ಅಡುಗೆಯವರು, ನೀರುಗಂಟಿ, ಇವರ ಮೇಲೆಯೇ. ನಮ್ಮ ಕಣ್ಣಿಗೆ ಕಾಣುವ ಸರ್ಕಾರ ಇವರೇ ಅಲ್ಲವೇ? ಈ ಸಲದ ಪಾಠ ಇವರ ಬಗ್ಗೆ, ಇವರ ಜೊತೆ ನಾವು ಮಾಡಬಹುದಾದ ಕೆಲಸದ ಬಗ್ಗೆ.

ಯಾದಗಿರಿಯ ಮೊಟ್ಟೆ ಕಲಿಸಿದ ಪಾಠ

2021ರ ಡಿಸೆಂಬರಿನಲ್ಲಿ ನಮ್ಮ ಯಾದಗಿರಿಯೂ ಸೇರಿ ಕೆಲವೇ ಜಿಲ್ಲೆಗಳ ಶಾಲಾಮಕ್ಕಳಿಗೆ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರುವಾಯಿತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಈ ಭಾಗದ ಮಕ್ಕಳಲ್ಲಿ ಅಪೌಷ್ಟಿಕತೆ, ರಕ್ತಹೀನತೆ ಹೆಚ್ಚು ಎಂಬುದೇ ಇದಕ್ಕೆ ಕಾರಣ. ವಿರೋಧವೂ ಬಂತು. ಆಗ ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು ಮೊಟ್ಟೆ ಸಿಗುತ್ತಿದ್ದ ಯಾದಗಿರಿಯ ಮಕ್ಕಳನ್ನು, ಸಿಗದಿದ್ದ ಗದಗ ಜಿಲ್ಲೆಯ ಮಕ್ಕಳ ಜೊತೆ ಹೋಲಿಸಿ ನೋಡಿದರು. ನಮ್ಮ ಮಕ್ಕಳ ತೂಕ ಚೆನ್ನಾಗಿ ಏರಿತ್ತು. 2022ರಲ್ಲಿ ಯೋಜನೆ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಹೋಯಿತು.

ಇದರಲ್ಲಿ ಅಡುಗೆಯವರ ಪಾಲು ಏನು? ಸ್ವಲ್ಪ ಯೋಚಿಸಿ. ಮೊಟ್ಟೆ ಬರೀ ರಿಜಿಸ್ಟರಿನಲ್ಲಿ ಬೆಂದಿದ್ದರೆ ಮಕ್ಕಳ ತೂಕ ಏರುತ್ತಿರಲಿಲ್ಲ. ತೂಕ ಏರದಿದ್ದರೆ "ಮೊಟ್ಟೆಯಿಂದ ಲಾಭವಿಲ್ಲ" ಎಂದು ಯೋಜನೆಯೇ ನಿಲ್ಲಬಹುದಿತ್ತು. ಒಲೆ ಮುಂದೆ ಕೂತು ನಿಯತ್ತಿನಿಂದ ಬೇಯಿಸಿ ಬಡಿಸಿದ ಹೆಣ್ಣುಮಕ್ಕಳು ತಮಗೇ ಗೊತ್ತಿಲ್ಲದಂತೆ ಇಡೀ ರಾಜ್ಯದ ನೀತಿಗೆ ಸಾಕ್ಷಿ ಒದಗಿಸಿದರು.

ನಾವು ಕಂಡದ್ದು

ಒಂದು ಊರಿನಲ್ಲಿ ನಮ್ಮ ಸಂಘದವರೇ ಅಂಗನವಾಡಿಗೆ ಹೋಗಿ ಜಗಳ ತೆಗೆದರು: "ಮಕ್ಕಳ ಮೊಟ್ಟಿ ಎಲ್ಲಿ ಹೋತು?" ಟೀಚರ್ ಸುಮ್ಮನೆ ಲೆಕ್ಕದ ಪುಸ್ತಕ ತೆರೆದು ತೋರಿಸಿದರು. ಆ ವಾರ ಸರ್ಕಾರದ ದರಕ್ಕಿಂತ ಸಂತೆಯ ದರ ಹೆಚ್ಚು. ಮೊದಲು ಕೈಯಿಂದ ಹಾಕಿ ತಂದಿದ್ದರು, ಆಮೇಲೆ ಕೈ ಬರಿದಾಗಿತ್ತು. "ಮೇಲಿನವರಿಗೆ ಹೇಳಿಲ್ಲೇನವ್ವಾ?" ಎಂದು ನಾವು ಕೇಳಿದೆವು. "ಹೇಳಿದ್ರ ನಂದೇ ತಪ್ಪು ಅಂತಾರ್ರೀ ಸಿಸ್ಟರ್" ಅಂದರು.

ಗಮನಿಸಿ, ತೊಂದರೆ ಎಲ್ಲಿದೆ ಎಂದು ಮೊದಲು ತಿಳಿಯುವುದು ಇವರಿಗೇ. 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಯೋಜನೆ ರಾಜ್ಯದೆಲ್ಲೆಡೆ ಬಂದಾಗ ಗರ್ಭಿಣಿ, ಬಾಣಂತಿಯರು ಕೇಂದ್ರಕ್ಕೇ ಬಂದು ಉಣ್ಣಬೇಕು ಎಂದಿತ್ತು. ದಿನ ತುಂಬಿದವಳು ದೂರದ ತಾಂಡಾದಿಂದ ಬೇಸಿಗೆ ಬಿಸಿಲಲ್ಲಿ ಹೇಗೆ ಬರಬೇಕು? ಬೆಂಗಳೂರಿಗೋ ಪುಣೆಗೋ ದುಡಿಯಲು ಹೋದ ಗರ್ಭಿಣಿಗೆ ಯಾರು ದಿಕ್ಕು? ಇದು ಕಚೇರಿಯ ಅಂಕಿಯಲ್ಲಿ ಕಾಣುವುದಿಲ್ಲ. ಆಶಾ ಅಕ್ಕನಿಗೆ ಗೊತ್ತು. ಆದರೆ ಆಕೆಗೆ ಸಿಗುವುದು ಸಂಬಳವಲ್ಲ, ಗೌರವಧನ. ಅದಕ್ಕಾಗಿಯೇ 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಚಳಿಯಲ್ಲಿ ಧರಣಿ ಕೂತರು. ಇಂಥವರು ಒಬ್ಬೊಬ್ಬರೇ ಬಾಯಿ ತೆರೆಯಲು ಹೆದರುವುದು ಸಹಜ. ಊರೇ ಸಭೆಯಲ್ಲಿ ಹೇಳಿದರೆ ಅದು ಒಬ್ಬಳ ದೂರು ಆಗುವುದಿಲ್ಲ, ಊರಿನ ಠರಾವು ಆಗುತ್ತದೆ.

ತಪ್ಪು ಮಾಡಿದವರನ್ನು ಮುಚ್ಚಿಡಿ ಎಂದು ನಾವು ಹೇಳುತ್ತಿಲ್ಲ. ಬೈಯುವ ಮೊದಲು ಕೇಳಿ, ಲೆಕ್ಕ ನೋಡಿ. ತಪ್ಪು ಕೈಯದೋ, ನಿಯಮದ್ದೋ ಎಂದು ತಿಳಿಯಿರಿ.

ಮಾತು ಇಡುವ ಜಾಗಗಳು

1. ವಾರ್ಡ್ ಸಭೆ ಮತ್ತು ಗ್ರಾಮಸಭೆ: ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯಿದೆ 1993ರದು. ಅದರ ಪ್ರಕಾರ ಇವು ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಬರೀ ಮನೆ ಹಂಚುವ ಪಟ್ಟಿಗಾಗಿ ಹೋಗಬೇಡಿ.

2. ಮಹಿಳಾ ಗ್ರಾಮಸಭೆ: ಗಂಡಸರ ಮುಂದೆ ಹೇಳಲು ಸಂಕೋಚವಾಗುವ ವಿಷಯಗಳನ್ನು ಇಲ್ಲಿ ಇಡಿ.

3. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ: ಇದರಲ್ಲಿ ಆಶಾ ಇರುತ್ತಾರೆ. ಕುಡಿಯುವ ನೀರು, ಚರಂಡಿಯ ವಿಷಯ ಇಲ್ಲಿಗೆ ಬರಬೇಕು.

4. ಅಂಗನವಾಡಿಯ ಬಾಲವಿಕಾಸ ಸಮಿತಿ: ತಾಯಂದಿರೂ ಇದರ ಸದಸ್ಯರು. ಮೊಟ್ಟೆಯ ದರದ ಮಾತು ಇಲ್ಲಿಂದಲೇ ಏಳಬೇಕು.

ಎಲ್ಲಿ ಮಾತಾಡಿದರೂ ಬರೆಸಿರಿ. ಹೇಳಿದ್ದು ಗಾಳಿಗೆ ಹೋಗುತ್ತದೆ, ನಡವಳಿ ಪುಸ್ತಕದಲ್ಲಿ ಬರೆದದ್ದು ಉಳಿಯುತ್ತದೆ. ಅರ್ಜಿ ಕೊಟ್ಟರೆ ನಕಲಿನ ಮೇಲೆ ಸಹಿ-ಸಿಕ್ಕಾ ಹಾಕಿಸಿಕೊಳ್ಳಿ. ಒಂದು ಸಲಕ್ಕೆ ಆಗದಿದ್ದರೆ ಮುಂದಿನ ಸಭೆಯಲ್ಲಿ ಹಳೆಯ ಠರಾವು ಓದಿಸಿ. ದೇವರಿಗೂ ಹೆದರದ ನ್ಯಾಯಾಧೀಶನ ಬಾಗಿಲಿಗೆ ಒಬ್ಬ ವಿಧವೆ ಮತ್ತೆ ಮತ್ತೆ ಹೋಗಿ ನ್ಯಾಯ ಪಡೆದ ಕಥೆಯನ್ನು ಯೇಸುಸ್ವಾಮಿ ಹೇಳಿದ್ದಾರೆ. ಆಕೆ ಒಬ್ಬಳೇ ಇದ್ದಳು. ನಿಮಗೆ ಸಂಘವಿದೆ.

ಸಂಘದ ಸಭೆಯಲ್ಲಿ ಚರ್ಚಿಸಿ

• ನಮ್ಮ ಊರಿನ ಆಶಾ, ಅಂಗನವಾಡಿ ಟೀಚರ್, ನೀರುಗಂಟಿಗೆ ಕೆಲಸದಲ್ಲಿ ಇರುವ ತೊಂದರೆ ಏನು? ಎಂದಾದರೂ ಕೇಳಿದ್ದೇವೆಯೇ?

• ಹಿಂದಿನ ಗ್ರಾಮಸಭೆಗೆ ನಮ್ಮಲ್ಲಿ ಎಷ್ಟು ಜನ ಹೋಗಿದ್ದೆವು? ಏನು ಮಾತಾಡಿದೆವು?

• ನಮ್ಮ ಊರಿಗೆ ಹೊಂದದ ಒಂದು ನಿಯಮ ಯಾವುದು? ಅದನ್ನು ಹೇಗೆ ಬದಲಿಸಬೇಕು?

ಮಾಡಬೇಕಾದ ಕೆಲಸ: ಮುಂದಿನ ವಾರದ ಸಂಘಕ್ಕೆ ಇವರಲ್ಲಿ ಒಬ್ಬರನ್ನು ಕರೆಯಿರಿ. ಚಹಾ ಕೊಟ್ಟು ಕೂಡಿಸಿ, ಅವರ ಮಾತು ಪೂರ್ತಿ ಕೇಳಿ. ಆಮೇಲೆ ಎಲ್ಲರೂ ಕೂಡಿ ಒಂದೇ ಒಂದು ವಿಷಯ ಆರಿಸಿ ಗ್ರಾಮಸಭೆಗೆ ಬರೆಯಿರಿ.