ಶಾಲೆಯೊಳಗೆ ಬಂದೂಕು

ವಿದ್ಯೆ ಕಲಿಯುವ ಸ್ಥಳಕ್ಕೆ ಆಯುಧ ಬಂದೀತೆಂದು ನಮ್ಮ ಹಿರಿಯರು ಕನಸಿನಲ್ಲಿಯೂ ಎಣಿಸಿರಲಿಲ್ಲ. 1999ರ ಏಪ್ರಿಲ್ 20ರಂದು ಅಮೆರಿಕದ ಕೊಲಂಬೈನ್ ಪ್ರೌಢಶಾಲೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ಹನ್ನೆರಡು ಮಂದಿ ಸಹಪಾಠಿಗಳನ್ನೂ ಒಬ್ಬ ಉಪಾಧ್ಯಾಯರನ್ನೂ ಕೊಂದರು. ದೂರದೇಶದ ವಾರ್ತೆಯೆಂದು ನಾವು ಪತ್ರಿಕೆಯನ್ನು ಮಡಿಸಿಟ್ಟೆವು. 2007ರ ಡಿಸೆಂಬರ್ 11ರಂದು ದೆಹಲಿಗೆ ಸಮೀಪದ ಗುರಗಾಂವ್‌ನಲ್ಲಿ ಎಂಟನೆಯ ತರಗತಿಯ ಇಬ್ಬರು ಬಾಲಕರು ಶಾಲೆಯಲ್ಲೇ ಸಹಪಾಠಿಯನ್ನು ಗುಂಡಿಕ್ಕಿ ಕೊಂದಾಗ ಹಾಗೆ ಮಡಿಸಿಡುವುದು ಸಾಧ್ಯವಾಗಲಿಲ್ಲ. 2015ರ ಮಾರ್ಚ್ 31ರ ರಾತ್ರಿ ನಮ್ಮ ಬೆಂಗಳೂರಿನ ಕಾಡುಗೋಡಿಯಲ್ಲಿಯೇ ಪದವಿಪೂರ್ವ ತರಗತಿಯ ವಿದ್ಯಾರ್ಥಿನಿಯೊಬ್ಬಳು ವಸತಿನಿಲಯದಲ್ಲಿ ಗುಂಡೇಟಿಗೆ ಬಲಿಯಾದಳು. ಆ ಸಂಸ್ಥೆಯ ನೌಕರನನ್ನೇ ಪೊಲೀಸರು ಬಂಧಿಸಿದರು.

‘ಕೆಟ್ಟ ಹುಡುಗರು’ ಎಂದುಬಿಡುವುದು ಸುಲಭ. ಅಮೆರಿಕ ಸರ್ಕಾರ ಇಂತಹ 37 ಘಟನೆಗಳನ್ನೂ ಅವುಗಳಲ್ಲಿ ಭಾಗಿಯಾದ 41 ಮಂದಿಯನ್ನೂ ಕುರಿತು ವಿಚಾರಣೆ ನಡೆಸಿ 2002ರಲ್ಲಿ ವರದಿ ಪ್ರಕಟಿಸಿತು. ಅವರೆಲ್ಲರಿಗೂ ಹೊಂದುವ ಒಂದೇ ಚಹರೆ ಅದಕ್ಕೆ ದೊರೆಯಲಿಲ್ಲ. ಚೆನ್ನಾಗಿ ಓದುತ್ತಿದ್ದವರೂ ಅವರಲ್ಲಿದ್ದರು. ಆದರೆ ನೂರಕ್ಕೆ 71ರಷ್ಟು ಮಂದಿ ಇತರರಿಂದ ಪೀಡನೆಗೋ ಬೆದರಿಕೆಗೋ ಒಳಗಾಗಿದ್ದೇವೆಂದು ಭಾವಿಸಿದ್ದರು. ನೂರಕ್ಕೆ 68ರಷ್ಟು ಮಂದಿಗೆ ಬಂದೂಕು ಸಿಕ್ಕಿದ್ದು ಸ್ವಂತ ಮನೆಯಲ್ಲಿ, ಇಲ್ಲವೆ ನೆಂಟರ ಮನೆಯಲ್ಲಿ. ಗುರಗಾಂವ್‌ನ ಪಿಸ್ತೂಲೂ ಬಾಲಕನೊಬ್ಬನ ತಂದೆಯದೇ. ನಮ್ಮ ದೇಶದಲ್ಲಿ 21 ವರ್ಷ ತುಂಬದವನಿಗೆ ಬಂದೂಕಿನ ಪರವಾನಗಿ ದೊರೆಯದು; ಆದರೆ ಹಿರಿಯರು ಬೀರುವಿಗೆ ಬೀಗ ಹಾಕದಿದ್ದರೆ ಕಾಯಿದೆ ಏನು ಮಾಡೀತು?

ಹಾಗೆಂದು ಬಂದೂಕೊಂದೇ ಕಾರಣವೆನ್ನಲೂ ಆಗದು. ಕೊಡಗಿನ ಮನೆಗಳಲ್ಲಿ ತಲೆಮಾರುಗಳಿಂದ ಕೋವಿಯಿದೆ. ಕೈಲ್ ಮುಹೂರ್ತದ ಹಬ್ಬದಂದು ಅದಕ್ಕೆ ಹೂವೇರಿಸಿ ಪೂಜಿಸುತ್ತಾರೆ. ಅಲ್ಲಿಯೂ ಜಗಳಗಳಲ್ಲಿ ಗುಂಡು ಹಾರಿದ್ದುಂಟು. ಆದರೆ ಮಕ್ಕಳು ಕೋವಿಯನ್ನು ಶಾಲೆಗೆ ಒಯ್ಯುವ ರೂಢಿ ಬೆಳೆಯಲಿಲ್ಲ. ಕೈಗೆ ಆಯುಧ ಬರುವ ಮೊದಲೇ ಮನಸ್ಸಿನಲ್ಲಿ ಏನೋ ಬೆಳೆದಿರಬೇಕು.

ಆ ವರದಿಯ ಇನ್ನೊಂದು ಮಾತು ನನ್ನನ್ನು ಬಹುವಾಗಿ ಕಾಡಿದೆ. ನೂರಕ್ಕೆ 81ರಷ್ಟು ಘಟನೆಗಳಲ್ಲಿ, ಹೀಗಾಗಲಿದೆಯೆಂದು ಒಬ್ಬರಿಗಾದರೂ ಮೊದಲೇ ತಿಳಿದಿತ್ತು. ಹಾಗೆ ತಿಳಿದಿದ್ದವರು ಬಹುಮಟ್ಟಿಗೆ ಗೆಳೆಯರು, ಸಹಪಾಠಿಗಳು. ಅವರು ಹಿರಿಯರಿಗೆ ತಿಳಿಸಿದ್ದು ಅಪರೂಪ. ಏಕೆ ತಿಳಿಸಲಿಲ್ಲ?

ನಾನು ಮಹಾಲಕ್ಷ್ಮಿ ಲೇಔಟಿನ ಶಾಲೆಯೊಂದರಲ್ಲಿ ಉಪಾಧ್ಯಾಯನಾಗಿದ್ದಾಗ ಒಂಬತ್ತನೆಯ ತರಗತಿಯಲ್ಲಿ ತೊದಲು ಮಾತಿನ ಹುಡುಗನೊಬ್ಬನಿದ್ದ. ಅವನಿಗೆ ‘ಮೋಟಾರು’ ಎಂದು ಅಡ್ಡಹೆಸರು. ಅವನು ಓದಲು ಎದ್ದು ನಿಂತರೆ ಹಿಂದಿನ ಬೆಂಚಿನಿಂದ ‘ಡುರ್‌ರ್’ ಎಂಬ ಸದ್ದು ಹೊರಡುತ್ತಿತ್ತು. ಗದರಿಸಬೇಕಾದ ನಾನೂ ಒಮ್ಮೆ ನಕ್ಕುಬಿಟ್ಟೆ.

ಕೆಲವು ವಾರಗಳ ಬಳಿಕ ಅವನ ಪಕ್ಕದಲ್ಲಿ ಕೂರುವ ಬಾಲಕನು ನನ್ನ ಕೊಠಡಿಯ ಬಾಗಿಲಲ್ಲಿ ಬಂದು ನಿಂತ. “ಚಾಡಿ ಹೇಳ್ತಾ ಇಲ್ಲ, ಸಾರ್. ಅವನ ಚೀಲದಲ್ಲಿ ಚಾಕು ಇದೆ” ಎಂದ. ಕರೆದು ಕೇಳಿದಾಗ ಆ ಹುಡುಗ ಮರುಮಾತಿಲ್ಲದೆ ಚೀಲ ಬಿಚ್ಚಿದ. ತಾಯಿ ತರಕಾರಿ ಹೆಚ್ಚುವ ಚಾಕು. ಹಳೆಯ ಪತ್ರಿಕೆಯಲ್ಲಿ ಸುತ್ತಿಟ್ಟಿದ್ದ. ಯಾರನ್ನು ಇರಿಯಬೇಕೆಂದಿದ್ದನೋ ಅವನಿಗೇ ತಿಳಿದಿರಲಿಲ್ಲವೆಂದು ಈಗಲೂ ನನಗನ್ನಿಸುತ್ತದೆ. “ನಗೋದು ನಿಲ್ಲಬೇಕು, ಸಾರ್” ಎಂದಷ್ಟೇ ತೊದಲಿದ. ಮರುದಿನ ತರಗತಿಯೆದುರು ಅವನ ಕ್ಷಮೆ ಕೇಳಿದೆ.

ಸುಳಿವು ಕೊಟ್ಟವನನ್ನು ಆಮೇಲೆ ವಿಚಾರಿಸಿದೆ. ಅವನಿಗೆ ವಿಷಯ ಮೂರು ದಿನ ಮೊದಲೇ ತಿಳಿದಿತ್ತಂತೆ. ಅಷ್ಟು ದಿನ ಏಕೆ ಸುಮ್ಮನಿದ್ದೆಯೆಂದು ಕೇಳಿದ್ದಕ್ಕೆ ತಲೆ ತಗ್ಗಿಸಿದ.

“ನೀವೂ ನಕ್ಕಿದ್ರಲ್ಲ, ಸಾರ್.”