*ಇಂದಿನ ಧಮ್ಮ ಚಿಂತನೆ: ಬಟ್ಟೆ ಒಗೆದ ನೀರು ಮತ್ತು ಮೊದಲ ಶೀಲ*





ಭಾನುವಾರ ಮೊದಲ ಶೀಲ ಓದುವಾಗ ನಮ್ಮ ಬಳಗದ ಅಕ್ಕ ಒಬ್ಬರು ಕೇಳಿದರು: "ನಾನು ಇರುವೆಯನ್ನೂ ತುಳಿಯದಂತೆ ನಡೆಯುತ್ತೇನೆ. ಆದರೆ ನಾನು ಬಟ್ಟೆ ಒಗೆದ ನೀರಿನಿಂದ ಎಲ್ಲೋ ಮೀನು ಸತ್ತರೆ ಅದು ನನ್ನ ಹಿಂಸೆಯೇ?"

ಥೇರವಾದ ಪರಂಪರೆಯ ವಿವರಣೆಯಂತೆ ಪ್ರಾಣಾತಿಪಾತಕ್ಕೆ ಐದು ಅಂಗಗಳು ಕೂಡಬೇಕು. ಜೀವಿ ಇರಬೇಕು, ಅದು ಜೀವಿ ಎಂಬ ಅರಿವಿರಬೇಕು, ಕೊಲ್ಲುವ ಮನಸ್ಸಿರಬೇಕು, ಪ್ರಯತ್ನ ನಡೆಯಬೇಕು, ಜೀವ ಹೋಗಬೇಕು. ಬಟ್ಟೆ ಒಗೆಯುವವರಿಗೆ ಕೊಲ್ಲುವ ಮನಸ್ಸಿಲ್ಲ. ಆದ್ದರಿಂದ ಶೀಲಭಂಗವಾಗದು. ಆದರೆ ಪ್ರಶ್ನೆ ಅಲ್ಲಿಗೇ ಮುಗಿಯುವುದಿಲ್ಲ.

ವಿನಯಪಿಟಕದಲ್ಲಿ ನೀರಿನ ಬಗ್ಗೆಯೇ ನಿಯಮಗಳಿವೆ. ಜೀವಿಗಳಿವೆಯೆಂದು ಗೊತ್ತಿದ್ದೂ ಭಿಕ್ಖು ಆ ನೀರನ್ನು ಹುಲ್ಲಿನ ಮೇಲೆ, ಮಣ್ಣಿನ ಮೇಲೆ ಚೆಲ್ಲಬಾರದು. ನೀರಿನಲ್ಲಿ ಉಗುಳಬಾರದು, ಮಲಮೂತ್ರ ಮಾಡಬಾರದು. ಅವರ ಎಂಟು ಪರಿಕರಗಳಲ್ಲಿ ನೀರು ಸೋಸುವ ಸಾಧನವೂ ಒಂದು. ಇಲ್ಲಿ 'ಗೊತ್ತಿದ್ದೂ' ಎಂಬ ಮಾತನ್ನು ಗಮನಿಸಿ. ಗೊತ್ತಿಲ್ಲದಾಗ ಇಲ್ಲದ ಹೊಣೆ ಗೊತ್ತಾದ ಮೇಲೆ ಬರುತ್ತದೆ. ಆ ಎಚ್ಚರವೇ ಅಪ್ಪಮಾದ.

*ನಮಗೆ ಗೊತ್ತಿರುವುದೇನು?*

ಮಡಿವಾಳ ಕೆರೆಯ ನೀರು ಅಗರ ಕೆರೆಗೆ, ಅಲ್ಲಿಂದ ಬೆಳ್ಳಂದೂರು, ವರ್ತೂರು ಕೆರೆಗಳಿಗೆ, ಕೊನೆಗೆ ದಕ್ಷಿಣ ಪಿನಾಕಿನಿಗೆ ಹರಿಯುತ್ತದೆ. ಬನಶಂಕರಿಯ ಪಶ್ಚಿಮ ಭಾಗದ್ದು ವೃಷಭಾವತಿ ಸೇರಿ ಬೈರಮಂಗಲ ಕೆರೆಗೆ ಹೋಗುತ್ತದೆ. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿದ್ದು ನೆನಪಿದೆಯಲ್ಲವೇ? ಆ ನೊರೆಯಲ್ಲಿ ಮನೆಮನೆಯ ಸೋಪುಪುಡಿಯ ಪಾಲೂ ಇತ್ತು.

ಸೋಪುಪುಡಿಯ ಫಾಸ್ಫೇಟ್ ಮತ್ತು ಕೊಳಚೆ ನೀರು ಪಾಚಿಗೆ, ಅಂತರಗಂಗೆಗೆ ಗೊಬ್ಬರವಾಗುತ್ತವೆ. ಅವು ಕೊಳೆಯುವಾಗ ನೀರಿನ ಆಮ್ಲಜನಕ ಕರಗಿ ಮೀನುಗಳು ಉಸಿರುಗಟ್ಟುತ್ತವೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದ್ದವು. ಮೀನಿಲ್ಲದ ಕೆರೆಯಲ್ಲಿ ಹೆಜ್ಜಾರ್ಲೆಗೂ ನೀರುಕಾಗೆಗೂ ಊಟವಿಲ್ಲ.

ಶುದ್ಧೀಕರಣ ಘಟಕ ಕಟ್ಟುವುದು, ಕಾರ್ಖಾನೆಗಳನ್ನು ತಡೆಯುವುದು ಸರ್ಕಾರದ ಕೆಲಸ. ಅದನ್ನು ಕೇಳುತ್ತಲೇ ಇರೋಣ. ಸಾಮಾನ್ಯ ಘಟಕದಲ್ಲಿ ಫಾಸ್ಫೇಟ್ ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಮನೆಯಲ್ಲೇ ಕಡಿಮೆ ಮಾಡುವುದಕ್ಕೆ ಬೆಲೆಯಿದೆ.

*ಈ ವಾರದ ಅಭ್ಯಾಸ*

🌿 ಬಟ್ಟೆ ಒಗೆದ ನೀರಿನ ಪೈಪು ಒಳಚರಂಡಿಗೆ ಸೇರಿದೆಯೋ, ಮಳೆನೀರಿನ ಚರಂಡಿಗೋ ನೋಡಿ. ಮಳೆಚರಂಡಿಯ ನೀರು ಶುದ್ಧವಾಗದೆ ರಾಜಕಾಲುವೆಯ ಮೂಲಕ ಕೆರೆ ಸೇರುತ್ತದೆ. ಅದಕ್ಕೆ ಸೇರಿದ್ದರೆ ಪ್ಲಂಬರ್‌ಗೆ ಹೇಳಿ ಬದಲಾಯಿಸಿ.

🌿 ಫಾಸ್ಫೇಟ್ ಇಲ್ಲದ ಪುಡಿ ಕೊಳ್ಳಿ, ಅಳತೆಗಿಂತ ಹೆಚ್ಚು ಹಾಕಬೇಡಿ. ನೊರೆ ಹೆಚ್ಚಾದರೆ ಕೊಳೆ ಹೆಚ್ಚು ಹೋಗುತ್ತದೆ ಎಂಬುದು ಭ್ರಮೆ.

🌿 ಅಂಟುವಾಳಕಾಯಿ ಒಳ್ಳೆಯದೇ. ಆದರೆ ಅದರ ನೊರೆಯೂ ನೇರ ಕೆರೆಗಿಳಿದರೆ ಮೀನಿಗೆ ವಿಷ. ಆ ನೀರನ್ನೂ ಒಳಚರಂಡಿಗೇ ಬಿಡಿ.

🌿 ಗಾಡಿ, ಅಂಗಳ ತೊಳೆಯಲು ಬಕೆಟ್ ನೀರು, ಬಟ್ಟೆ ಸಾಕು. ಕರಿದ ಎಣ್ಣೆ, ಬಣ್ಣ, ಹಳೆಯ ಔಷಧಿಯನ್ನು ಸಿಂಕಿಗೆ ಸುರಿಯಬೇಡಿ.

*ಮನನಕ್ಕೆ:* ಅಂದಿನ ಭಿಕ್ಖು ನೀರನ್ನು ಬಳಸುವ ಮೊದಲು ಸೋಸಿದ. ಬಳಸಿದ ನೀರನ್ನು ಬಿಡುವ ಮೊದಲು ನಾನು ಏನು ಮಾಡಬಲ್ಲೆ?

ನೀರಿನ ಮೇಲಿರುವ, ನೀರಿನೊಳಗಿರುವ ಎಲ್ಲ ಜೀವಿಗಳಿಗೂ ಒಳಿತಾಗಲಿ. 🙏