ಎಂಜಿನ್ನಿನ ಹೊಗೆಕೊಳವೆ: ತುಕ್ಕು ಹಿಡಿಯದ ಪೈಪನ್ನು ಕತ್ತರಿಸಿ ಬೆಸೆಯುವ ಕ್ರಮ



ಸುಗ್ಗಿಯಲ್ಲಿ ಟ್ರ್ಯಾಕ್ಟರು ಹೊಲದಿಂದ ಕಣದವರೆಗೆ ಬರುತ್ತದೆ. ರಾಶಿ ಮಾಡುವ ಯಂತ್ರವನ್ನೂ ಅದೇ ತಿರುಗಿಸುತ್ತದೆ. ಸುತ್ತಲೂ ಕಡಲೆಯ ಹೊಟ್ಟು, ಜೋಳದ ಕಣಕಿಯ ಬಣವಿ. ಇಂಥ ಸ್ಥಳದಲ್ಲಿ ಹೊಗೆಕೊಳವೆ ತೂತು ಬಿದ್ದಿದ್ದರೆ ಒಂದು ಕಿಡಿ ಸಾಕು. ವರ್ಷದ ಮೇವು ಗಳಿಗೆಯಲ್ಲಿ ಬೂದಿಯಾದೀತು. ಪಂಪಿನ ಶೆಡ್ಡಿನಲ್ಲಿ ಇನ್ನೊಂದು ಅಪಾಯವಿದೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣ ತೆಗೆಯುತ್ತದೆ. ಆದ್ದರಿಂದ ಹೊಗೆಕೊಳವೆಯ ದುರಸ್ತಿಯನ್ನು ನಾಳೆಗೆಂದು ಮುಂದೂಡಬಾರದು.

ಸ್ಟೇನ್‌ಲೆಸ್ ಪೈಪು ಏಕೆ?

ಡೀಸೆಲ್ ಉರಿದಾಗ ಹೊಗೆಯ ಜೊತೆ ನೀರಿನ ಆವಿಯೂ ಹೊರಡುತ್ತದೆ. ಎಂಜಿನ್ ತಣಿದಾಗ ಈ ಆವಿ ಪೈಪಿನೊಳಗೆ ನೀರಾಗಿ ನಿಂತು ಸಾದಾ ಕಬ್ಬಿಣವನ್ನು ಒಳಗಿನಿಂದ ತಿನ್ನುತ್ತದೆ. ಸ್ಟೇನ್‌ಲೆಸ್ ಉಕ್ಕಿನಲ್ಲಿ ಕ್ರೋಮಿಯಂ ಇರುವುದರಿಂದ ಅದರ ಮೇಲೆ ಕಣ್ಣಿಗೆ ಕಾಣದ ತೆಳು ಪದರ ಮೂಡಿ ತುಕ್ಕನ್ನು ತಡೆಯುತ್ತದೆ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಎಂಬವರು 1913ರಲ್ಲಿ ಇಂಥ ಉಕ್ಕನ್ನು ತಯಾರಿಸಿದರು. ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು 304 ಎಂಬ ಜಾತಿ. ಅದರಲ್ಲಿ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕಲ್ ಇರುತ್ತದೆ. ಇದಕ್ಕೆ ಸೂಜಿಗಲ್ಲು ಸಾಧಾರಣವಾಗಿ ಅಂಟುವುದಿಲ್ಲ. ಕಾರುಗಳ ಹೊಗೆಕೊಳವೆಗೆ ಬಳಸುವ 409 ಜಾತಿಗೆ ಮಾತ್ರ ಅಂಟುತ್ತದೆ.

ನೀರಿನ ನಲ್ಲಿಗೆ ಹಾಕುವ ಸತು ಲೇಪಿಸಿದ ಪೈಪನ್ನು ಈ ಕೆಲಸಕ್ಕೆ ತರಬೇಡಿರಿ. ಬೆಸೆಯುವಾಗ ಅದರಿಂದ ಬಿಳಿ ಹೊಗೆ ಎದ್ದು, ಕೆಲವು ತಾಸುಗಳ ಬಳಿಕ ಚಳಿಜ್ವರ ಬರುತ್ತದೆ.

ಅಳತೆ ಮತ್ತು ಕತ್ತರಿಸುವಿಕೆ

ಹೊಸ ಪೈಪಿನ ಒಳವ್ಯಾಸ ಹಳೆಯದಕ್ಕಿಂತ ಕಡಿಮೆ ಇರಕೂಡದು. ಕಡಿಮೆಯಾದರೆ ಹೊಗೆ ಹಿಂದಕ್ಕೆ ಒತ್ತಿ ಎಂಜಿನ್ನಿನ ಶಕ್ತಿ ಕುಗ್ಗುತ್ತದೆ. ಸೈಲೆನ್ಸರ್ ಡಬ್ಬಿಯನ್ನು ತೆಗೆದೊಗೆದು ಬರೀ ಪೈಪು ಹಾಕುವುದೂ ತಪ್ಪು.

ನೇರವಾಗಿ ಕತ್ತರಿಸಲು ಒಂದು ಕಾಗದದ ಪಟ್ಟಿಯನ್ನು ಪೈಪಿಗೆ ಸುತ್ತಿ, ಅಂಚಿಗೆ ಅಂಚು ಕೂಡುವಂತೆ ಹಿಡಿದು ಗೆರೆ ಎಳೆಯಿರಿ. ತಿರುವು ಬೇಕಾದಲ್ಲಿ ಮೂರು ತುಂಡುಗಳನ್ನು ಜೋಡಿಸಿ 90 ಅಂಶದ ಮೂಲೆಯನ್ನು ಮಾಡಬಹುದು. ಆಗ ಎರಡು ಜೋಡಣೆ ಬರುತ್ತವೆ. ಪ್ರತಿ ಬಾಯಿಯನ್ನೂ 22.5 ಅಂಶ ಓರೆಯಾಗಿ ಕತ್ತರಿಸಬೇಕು. ಉದ್ದ ಬದಿಗೂ ಗಿಡ್ಡ ಬದಿಗೂ ಇರಬೇಕಾದ ವ್ಯತ್ಯಾಸವು ಹೊರವ್ಯಾಸದ ನೂರಕ್ಕೆ 41 ಭಾಗ. ಹೊರವ್ಯಾಸ 50 ಮಿ.ಮೀ. ಇದ್ದರೆ ವ್ಯತ್ಯಾಸ ಸುಮಾರು 21 ಮಿ.ಮೀ.

ಗುರುತು ಹಾಕುವ ಬಗೆ ಹೀಗೆ. ಪೈಪಿನ ಸುತ್ತಳತೆಯಷ್ಟೇ ಉದ್ದದ ಕಾಗದವನ್ನು ಎಂಟು ಸಮಭಾಗಗಳಾಗಿ ಮಡಚಿ ಬಿಚ್ಚಿರಿ. ಕೆಳ ಅಂಚಿನಿಂದ ಒಂದೊಂದು ಮಡಿಕೆಯ ಮೇಲೆ ಕ್ರಮವಾಗಿ 21, 18, 10.5, 3, 0, 3, 10.5, 18, 21 ಮಿ.ಮೀ. ಎತ್ತರಕ್ಕೆ ಚುಕ್ಕೆ ಇಟ್ಟು, ಅವನ್ನು ಬಾಗುಗೆರೆಯಿಂದ ಕೂಡಿಸಿರಿ. ಗೆರೆಯ ಮೇಲೆ ಕತ್ತರಿಸಿ ಪೈಪಿಗೆ ಸುತ್ತಿದರೆ ಅದೇ ಅಚ್ಚು. ನಡುವಿನ ತುಂಡಿನ ಎರಡೂ ಬಾಯಿಗಳ ಗಿಡ್ಡ ಬದಿ ಒಂದೇ ಪಕ್ಕಕ್ಕೆ ಬರತಕ್ಕದ್ದು.

ಸಾದಾ ಕಬ್ಬಿಣಕ್ಕೆ ಬಳಸಿದ ಗ್ರೈಂಡರ್ ಚಕ್ರ, ಕಾನಸು, ತಂತಿ ಬ್ರಶ್ಶುಗಳನ್ನು ಇದಕ್ಕೆ ಮುಟ್ಟಿಸಬಾರದು. ಅವುಗಳ ಕಬ್ಬಿಣದ ಪುಡಿ ಅಂಟಿಕೊಂಡು ಅಲ್ಲಿಯೇ ತುಕ್ಕು ಮೊದಲಾಗುತ್ತದೆ. ಕತ್ತರಿಸಿದ ಬಾಯಿಯ ಮುಳ್ಳುಗಳನ್ನು ತೆಗೆದು, ಎಣ್ಣೆಯ ಜಿಡ್ಡನ್ನು ಒರೆಸಿರಿ.

ಬೆಸುಗೆ

ಸ್ಟೇನ್‌ಲೆಸ್ ಉಕ್ಕು ಕಾಯ್ದಾಗ ಸಾದಾ ಕಬ್ಬಿಣಕ್ಕಿಂತ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ. ಶಾಖವನ್ನು ಮಾತ್ರ ಬೇಗ ಹರಡುವುದಿಲ್ಲ. ಆದುದರಿಂದ ಅವಸರ ಮಾಡಿದರೆ ಪೈಪು ಡೊಂಕಾಗುತ್ತದೆ. ಮೊದಲು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ನಾಲ್ಕು ಟ್ಯಾಕ್ ಹಾಕಿ ನೇರವನ್ನು ಪರೀಕ್ಷಿಸಿರಿ. ಬಳಿಕ ಎದುರು ಬದುರಾಗಿ ಎರಡೆರಡು ಸೆಂಟಿಮೀಟರ್ ಬೆಸೆಯುತ್ತ, ನಡುನಡುವೆ ತಣಿಯಲು ಬಿಡಿರಿ. ತೆಳು ಪೈಪಿಗೆ 2 ಮಿ.ಮೀ. ರಾಡ್ ಸಾಕು, ವಿದ್ಯುತ್ತು 40ರಿಂದ 60 ಆಂಪಿಯರ್. 304ಕ್ಕೆ 304 ಕೂಡಿಸಲು 308 ಎಲ್ ರಾಡ್, ಸಾದಾ ಕಬ್ಬಿಣದ ಫ್ಲೇಂಜಿಗೆ ಕೂಡಿಸಲು 309 ಎಲ್ ರಾಡ್ ತರಬೇಕು. ರಾಡುಗಳು ತೇವವಾಗಿರಕೂಡದು.

ಆರ್ಗಾನ್ ಅನಿಲದ ಟಿಗ್ ಬೆಸುಗೆ ಇನ್ನೂ ಮೇಲು. ಆಗ ಪೈಪಿನ ಒಳಗೂ ಆರ್ಗಾನ್ ಹಾಯಿಸಬೇಕು. ಇಲ್ಲದಿದ್ದರೆ ಒಳಮೈ ಕರಿ ಹರಳುಗಟ್ಟಿ ಬೆಸುಗೆ ಬಲ ಕಳೆದುಕೊಳ್ಳುತ್ತದೆ. ಬೆಸುಗೆಯ ಪಕ್ಕ ಹೊಂಬಣ್ಣ ಬಂದರೆ ಕೆಲಸ ಚೆನ್ನ. ಬೂದಿಗಪ್ಪು ಬಂದರೆ ಶಾಖ ಮಿತಿಮೀರಿದೆ ಎಂದು ತಿಳಿಯಿರಿ.

ಎಚ್ಚರಿಕೆಗಳು

1. ಪೈಪನ್ನು ಎಂಜಿನ್ನಿನಿಂದ ಬಿಚ್ಚಿಯೇ ಬೆಸೆಯಿರಿ. ಬಣವಿ, ಡೀಸೆಲ್ ಡಬ್ಬಿಗಳಿಂದ ದೂರವಿರಿ. ಹತ್ತಿರ ನೀರು, ಮರಳು ಇಟ್ಟುಕೊಳ್ಳಿರಿ.
2. ಕರಿಗಾಜಿನ ಮುಖಕವಚವಿಲ್ಲದೆ ಬೆಳಕನ್ನು ನೋಡಬೇಡಿರಿ. ಮಕ್ಕಳನ್ನು ದೂರ ಕಳಿಸಿರಿ.
3. ಈ ಉಕ್ಕಿನ ಬೆಸುಗೆಹೊಗೆಯಲ್ಲಿ ಕ್ಯಾನ್ಸರ್ ತರಬಲ್ಲ ಕ್ರೋಮಿಯಂ ಇರುತ್ತದೆ. ಬಯಲಿನಲ್ಲಿ, ಗಾಳಿ ನಿಮ್ಮಿಂದ ಹೊಗೆಯನ್ನು ಒಯ್ಯುವಂತೆ ನಿಂತು, ಬೆಸುಗೆಹೊಗೆಯನ್ನು ತಡೆಯುವ ಮುಖವಾಡ ಧರಿಸಿ ಕೆಲಸ ಮಾಡಿರಿ. ಬಟ್ಟೆ ಕಟ್ಟಿಕೊಂಡರೆ ಸಾಲದು.
4. ರಸ್ತೆಯ ಕಾರು, ಜೀಪುಗಳಿಗೆ ಮನಬಂದಂತೆ ಪೈಪು ಜೋಡಿಸಬೇಡಿರಿ. 1988ರ ಮೋಟಾರು ವಾಹನ ಕಾಯಿದೆಯಲ್ಲಿ ಸದ್ದು ಮತ್ತು ಹೊಗೆಯ ನಿಯಮ ಮೀರಿದವರಿಗೆ ಶಿಕ್ಷೆಯುಂಟು.

ಪರೀಕ್ಷೆ

ಪೈಪು ತಣಿದ ಬಳಿಕ ಒಂದು ಬಾಯಿಯನ್ನು ಬಿಗಿಯಾಗಿ ಮುಚ್ಚಿ ನೀರು ತುಂಬಿರಿ. ಎಲ್ಲಿಯೂ ಹನಿ ಒಸರದಿದ್ದರೆ ಬೆಸುಗೆ ಗಟ್ಟಿ. ಜೋಡಿಸುವಾಗ ಹೊಸ ಗ್ಯಾಸ್ಕೆಟ್ ಹಾಕಿ, ಅಲುಗಾಟದಿಂದ ಬಿರಿಯದಂತೆ ಪೈಪಿಗೆ ಆಸರೆಯ ಪಟ್ಟಿ ಕೊಡಿರಿ. ಪಂಪಿನ ಶೆಡ್ಡಿನಲ್ಲಿ ಪೈಪಿನ ತುದಿ ಗೋಡೆಯಾಚೆಗೆ, ಕಿಟಕಿ ಬಾಗಿಲುಗಳಿಂದ ದೂರಕ್ಕೆ ಹೊರಡಲಿ.

ಕೈ ಪಳಗದವರು ಅಳತೆ, ಅಚ್ಚು, ಕತ್ತರಿಸುವಿಕೆಗಳನ್ನು ಮನೆಯಲ್ಲಿ ಮಾಡಿಕೊಂಡು, ಬೆಸುಗೆಯನ್ನು ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಅಥವಾ ಮುಂಡರಗಿಯ ಅನುಭವಸ್ಥ ಬೆಸುಗೆಗಾರರಿಂದ ಮಾಡಿಸುವುದು ಲೇಸು. ಯಾವ ರಾಡ್ ಹಾಕುವರೆಂದು ಕೇಳಿ ತಿಳಿದುಕೊಳ್ಳಲು ಸಂಕೋಚ ಬೇಡ.

ಸಂಘದ ಚರ್ಚೆಗೆ ಪ್ರಶ್ನೆಗಳು

1. ಹೊರವ್ಯಾಸ 60 ಮಿ.ಮೀ. ಇದ್ದರೆ ಓರೆಯ ವ್ಯತ್ಯಾಸ ಎಷ್ಟು?
2. ನಾಲ್ಕು ಟ್ಯಾಕ್‌ಗಳನ್ನು ಮೊದಲೇ ಹಾಕುವುದೇಕೆ?
3. ನಿಮ್ಮೂರಿನ ಎಷ್ಟು ಟ್ರ್ಯಾಕ್ಟರುಗಳ ಹೊಗೆಕೊಳವೆ ತೂತಾಗಿವೆ? ಸುಗ್ಗಿಗೆ ಮುನ್ನ ಎಣಿಸಿರಿ.